ಹಕ್ಕಿಜ್ವರ: ಒಂದಕ್ಷರ ತಪ್ಪಿದರೆ ಏನಾದೀತು?



ಪಹಣಿ ನಕಲು ಮಾಡುವಾಗ ಒಂದಂಕಿ ತಪ್ಪಿದರೆ ಹೊಲದ ಲೆಕ್ಕವೇ ಬದಲಾದೀತು. ಹಕ್ಕಿಜ್ವರದ ವೈರಸ್ಸಿನಲ್ಲಿಯೂ ಹೀಗೆಯೇ. ಅದು ಕೋಳಿಯ ಜೀವಕೋಶವನ್ನು ಹೊಕ್ಕು, ತನ್ನ 8 ತುಂಡು ಆರ್‌ಎನ್‌ಎಯನ್ನು ನಕಲು ಮಾಡಿ ಹೆಚ್ಚುತ್ತದೆ. ನಕಲಿನ ತಪ್ಪು ತಿದ್ದುವ ಏರ್ಪಾಡು ಅದಕ್ಕಿಲ್ಲ. ಎಷ್ಟೋ ತಪ್ಪುಗಳಿಂದ ವೈರಸ್ಸೇ ಕೆಡುತ್ತದೆ. ಕೆಲವು ಅದಕ್ಕೆ ಅನುಕೂಲವಾಗುತ್ತವೆ.

ಕೋಳಿಯ ಮೈಬಿಸಿ ಸುಮಾರು 41 ಡಿಗ್ರಿ ಸೆಂಟಿಗ್ರೇಡ್. ನಮ್ಮ ಮೂಗಿನೊಳಗೆ ಸುಮಾರು 33. ಈ ತಂಪಿನಲ್ಲಿ ಕೋಳಿಯ ವೈರಸ್ಸು ಚೆನ್ನಾಗಿ ಹೆಚ್ಚಲಾರದು. ಆದರೆ ನಕಲು ಮಾಡುವ ‘ಪಿಬಿ2’ ಎಂಬ ಪ್ರೋಟೀನಿನ 627ನೆಯ ಸ್ಥಾನದಲ್ಲಿ, ಒಂದಕ್ಷರದ ತಪ್ಪಿನಿಂದ ಗ್ಲುಟಾಮಿಕ್ ಆಮ್ಲ ಹೋಗಿ ಲೈಸಿನ್ ಬಂದರೆ, ಇಲ್ಲಿಯೂ ಹೆಚ್ಚಬಲ್ಲದು. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ 18 ಜನರಿಗೆ ಹಕ್ಕಿಜ್ವರ ತಗಲಿ 6 ಮಂದಿ ತೀರಿಕೊಂಡರು. ಅವರಲ್ಲಿ ಕೆಲವರ ವೈರಸ್ಸಿನಲ್ಲಿ ಈ ಬದಲಾವಣೆ ಕಂಡುಬಂದಿತು.

ರೋಗ ಹಬ್ಬಿದಷ್ಟೂ ನಕಲು ಹೆಚ್ಚು. ತಪ್ಪಿಗೆ ಅವಕಾಶವೂ ಹೆಚ್ಚು. ಆದ್ದರಿಂದ ಕೋಳಿಗಳು ಒಮ್ಮೆಲೇ ಸಾಯತೊಡಗಿದರೆ ಬರಿಗೈಯಲ್ಲಿ ಮುಟ್ಟಬೇಡಿ, ಉಳಿದವನ್ನು ಸಂತೆಗೆ ಒಯ್ಯಬೇಡಿ, ಸತ್ತವನ್ನು ಕೆರೆಗೆ ಎಸೆಯಬೇಡಿ. ಆ ದಿನವೇ ಪಶುವೈದ್ಯರಿಗೆ ತಿಳಿಸಿ. ನಷ್ಟವಾದೀತೆಂದು ಮುಚ್ಚಿಡಬೇಡಿ. ರೋಗ ತಡೆಯಲು ಸರ್ಕಾರ ಕೊಲ್ಲಿಸುವ ಕೋಳಿಗೆ ಪರಿಹಾರವುಂಟು; ಮೊದಲೇ ಸತ್ತ ಕೋಳಿಗಿಲ್ಲ.