ಖಂಡನಾ ನಿರ್ಣಯ: ಪದಾರ್ಥವೂ ಪ್ರಯೋಗವೂ

ಒಡೆಯುವುದು, ತುಂಡರಿಸುವುದು ಎಂಬರ್ಥದ ‘ಖಂಡ್’ ಎಂಬ ಸಂಸ್ಕೃತ ಧಾತುವಿನಿಂದ ಹುಟ್ಟಿ, ತರ್ಕದಲ್ಲಿ ಪರಪಕ್ಷನಿರಾಕರಣೆಗೆ ಸಂದ ‘ಖಂಡನೆ’ಯು ಶಾಸನಸಭೆಯಲ್ಲಿ ಸಚಿವರ ಕಾರ್ಯನೀತಿಯ ಬಗೆಗಿನ ವಿಧಿಬದ್ಧ ಅಸಮ್ಮತಿಯನ್ನು ಸೂಚಿಸುವುದು; ಇದಕ್ಕೆ ಸಂವಾದಿಯಾದ ಆಂಗ್ಲರ ‘ಸೆನ್ಷರ್’ ಎಂಬುದಾದರೋ, ಜನಗಣನೆಯೊಡನೆ ಪೌರರ ನಡತೆಯನ್ನೂ ವಿಚಾರಿಸುತ್ತಿದ್ದ ಪ್ರಾಚೀನ ರೋಮಿನ ‘ಸೆನ್ಸಾರ್’ ಎಂಬ ಅಧಿಕಾರಿಯ ಹೆಸರಿನಿಂದ ಬಂದುದು. ಅವಿಶ್ವಾಸ ನಿರ್ಣಯವು ಇಡೀ ಮಂತ್ರಿಮಂಡಲದ ಮೇಲಿನದು, ಕಾರಣ ಹೇಳಬೇಕಾಗಿಲ್ಲ. ಖಂಡನಾ ನಿರ್ಣಯಕ್ಕೆ ಕಾರಣವು ಅವಶ್ಯ, ಒಬ್ಬನೇ ಸಚಿವನ ಮೇಲೂ ತರಬಹುದು, ಅಂಗೀಕೃತವಾದರೂ ರಾಜೀನಾಮೆ ಕಡ್ಡಾಯವಲ್ಲ. ಲೋಕಸಭೆಯಲ್ಲಿ ಅವಿಶ್ವಾಸ ನಿರ್ಣಯದ ಮಂಡನೆಗೆ 50 ಸದಸ್ಯರ ಬೆಂಬಲ ಬೇಕು. ಆದರೆ ಎಲ್ಲ ಶಾಸನಸಭೆಗಳೂ ಅಷ್ಟು ದೊಡ್ಡವಾಗಿರಲಿಲ್ಲ; ‘ಸಿ’ ವರ್ಗದ ರಾಜ್ಯವಾಗಿದ್ದ ಕೊಡಗಿನಲ್ಲಿ, 1952ರಲ್ಲಿ ಸಿ. ಎಂ. ಪೂಣಚ್ಚನವರು ಮುಖ್ಯಮಂತ್ರಿಗಳಾದ ವಿಧಾನಸಭೆಯ ಒಟ್ಟು ಸದಸ್ಯಸಂಖ್ಯೆಯೇ 24! ಆ ಪುಟ್ಟ ರಾಜ್ಯವು 1956ರ ನವೆಂಬರ್ 1ರಂದು ಮೈಸೂರಿನಲ್ಲಿ ವಿಲೀನವಾಯಿತು.