ಕಿಕಿಂಡಾ: ಚಳಿಗಾಲದ ಗೂಬೆಗಳ ಪಟ್ಟಣ

ಉತ್ತರ ಸರ್ಬಿಯಾದ ವೊಯ್ವೊದಿನಾ ಪ್ರಾಂತ್ಯದಲ್ಲಿ, ರುಮೇನಿಯಾದ ಗಡಿಗೆ ಹತ್ತಿರ ಕಿಕಿಂಡಾ ಪಟ್ಟಣವಿದೆ. ಇಲ್ಲಿನ ಮುಖ್ಯ ಚೌಕದ ಮರಗಳಲ್ಲಿ ಪ್ರತಿ ಚಳಿಗಾಲ ನೂರಾರು ಉದ್ದಕಿವಿ ಗೂಬೆಗಳು ಬೀಡುಬಿಡುತ್ತವೆ. 2009ರಲ್ಲಿ ಎಣಿಸಿದಾಗ 700ಕ್ಕೂ ಹೆಚ್ಚು ಗೂಬೆಗಳು ಸಿಕ್ಕಿದ್ದವು. ಅವನ್ನು ನೋಡಲು ಕಾಡು ಅಲೆಯಬೇಕಿಲ್ಲ. ಚರ್ಚು, ಅಂಗಡಿಗಳ ನಡುವೆ ನಿಂತು ಕತ್ತೆತ್ತಿದರೆ ಸಾಕು.

ಮರಿ ಮಾಡುವ ಕಾಲದಲ್ಲಿ ಜೋಡಿಗಳು ಬೇರೆ ಬೇರೆ ಇದ್ದು, ಚಳಿಗಾಲಕ್ಕೆ ಒಟ್ಟುಗೂಡುತ್ತವೆ. ಪಟ್ಟಣದ ಸುತ್ತ ಗೋಧಿ, ಮುಸುಕಿನ ಜೋಳ, ಸೂರ್ಯಕಾಂತಿ ಬೆಳೆಯುವ ಬಯಲಿದೆ, ಅಲ್ಲಿ ಇಲಿಗಳಿಗೆ ಬರವಿಲ್ಲ. ಕಟ್ಟಡಗಳ ಮರೆಯಲ್ಲಿ ಗಾಳಿಯ ಹೊಡೆತ ಕಡಿಮೆ, ಗಿಡುಗಗಳ ಕಾಟವೂ ಕಡಿಮೆ. ರಾತ್ರಿಯೆಲ್ಲ ಬಯಲಿನಲ್ಲಿ ಬೇಟೆ, ಹಗಲೆಲ್ಲ ಊರಿನ ಮರದಲ್ಲಿ ನಿದ್ದೆ.

ಹೋಗುವ ಕಾಲ, ದಾರಿ

ನವೆಂಬರ್‌ನಿಂದ ಮಾರ್ಚ್‌ವರೆಗೆ ಗೂಬೆಗಳಿರುತ್ತವೆ. ಡಿಸೆಂಬರ್, ಜನವರಿಯಲ್ಲಿ ಎಲೆ ಉದುರಿದ ಕೊಂಬೆಗಳ ಮೇಲೆ ಅವು ಚೆನ್ನಾಗಿ ಕಾಣುತ್ತವೆ. ಆಗ ಸಂಜೆ ನಾಲ್ಕರ ಸುಮಾರಿಗೇ ಸೂರ್ಯ ಮುಳುಗುವುದರಿಂದ ಮಧ್ಯಾಹ್ನದೊಳಗೆ ತಲುಪುವುದು ಒಳ್ಳೆಯದು. ರಾಜಧಾನಿ ಬೆಲ್‌ಗ್ರೇಡ್‌ನಿಂದ ದೂರ ಸುಮಾರು 130 ಕಿ.ಮೀ.; ಬಸ್ಸಿದೆ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ವೀಸಾ ಇಲ್ಲದೆ ಹೋಗುವ ಸೌಲಭ್ಯ 2023ರ ಜನವರಿಯಿಂದ ನಿಂತಿದೆ. ಹೊರಡುವ ಮುನ್ನ ರಾಯಭಾರ ಕಚೇರಿಯಲ್ಲಿ ಸದ್ಯದ ನಿಯಮ ವಿಚಾರಿಸಬೇಕು. ತಾಪಮಾನ ಸೊನ್ನೆಗಿಂತ ಕೆಳಗೆ ಹೋಗುವುದುಂಟು. ಉಣ್ಣೆಯ ಬಟ್ಟೆ, ಕೈಗವಸು, ದಪ್ಪ ಅಡಿಯ ಬೂಟು ಬೇಕು. ದುರ್ಬೀನು ಮರೆಯಬಾರದು. ಸಂಜೆಯ ತನಕ ಬಿಡುವಿದ್ದರೆ ಊರಿನ ಮ್ಯೂಸಿಯಂನಲ್ಲಿ ‘ಕಿಕಾ’ ಹೆಸರಿನ ಮ್ಯಾಮತ್‌ನ ಅಸ್ಥಿಪಂಜರ ನೋಡಬಹುದು. ಅದು 1996ರಲ್ಲಿ ಇಲ್ಲಿಯೇ ಇಟ್ಟಿಗೆ ಕಾರ್ಖಾನೆಯ ಮಣ್ಣಿನ ಗುಂಡಿಯಲ್ಲಿ ಸಿಕ್ಕಿತು.

ನೋಡುವ ಬಗೆ

ಮೊದಲು ನೆಲ ನೋಡಬೇಕು. ಗೂಬೆ ಕೂತ ಮರದಡಿ ಸುಣ್ಣ ಎರಚಿದಂತೆ ಬಿಳಿ ಹಿಕ್ಕೆ, ಹೆಬ್ಬೆರಳ ಗಾತ್ರದ ಬೂದು ಉಂಡೆಗಳು ಬಿದ್ದಿರುತ್ತವೆ. ಜೀರ್ಣವಾಗದ್ದನ್ನು ಗೂಬೆ ಹೀಗೆ ಉಂಡೆಯಾಗಿ ಬಾಯಿಂದ ಕಕ್ಕುತ್ತದೆ. ಒಂದನ್ನು ಬಿಡಿಸಿದರೆ ಒತ್ತಾಗಿ ಸುತ್ತಿಕೊಂಡ ರೋಮದೊಳಗೆ ಇಲಿಯ ತಲೆಬುರುಡೆ, ಹಲ್ಲಿನ ಸಮೇತ ದವಡೆ ಸಿಗುತ್ತವೆ. ಬಿಡಿಸಿದವರು ಕೈ ತೊಳೆಯಬೇಕು.

ಆಮೇಲೆ ಮೇಲೆ ನೋಡಿದರೆ ತೊಗಟೆಯ ಬಣ್ಣದಲ್ಲಿ ಬೆರೆತ ಹಕ್ಕಿಗಳು ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. ತಲೆಯ ಮೇಲಿನ ಕುಚ್ಚುಗಳು ಬರೀ ಗರಿ. ನಿಜವಾದ ಕಿವಿಗಳು ಮುಖದ ಇಕ್ಕೆಲದ ಗರಿಗಳೊಳಗೆ ಅಡಗಿವೆ. ಮೈಯುಬ್ಬಿಸಿ, ಕುಚ್ಚು ಇಳಿಬಿಟ್ಟು ಕಣ್ಣು ಮುಚ್ಚಿದ್ದರೆ ಗೂಬೆ ನೆಮ್ಮದಿಯಲ್ಲಿದೆ. ಮೈಯನ್ನು ಕಡ್ಡಿಯಂತೆ ಸೆಟೆಸಿ, ಕುಚ್ಚು ನಿಮಿರಿಸಿದ್ದರೆ ಅದಕ್ಕೆ ಭಯವಾಗಿದೆ. ಆಗಲೇ ಹಿಂದೆ ಸರಿಯಬೇಕು. ಹಗಲಿನಲ್ಲಿ ಬೆದರಿ ಹಾರಿದ ಗೂಬೆ ಚಳಿ ತಡೆಯಲು ಉಳಿಸಿಕೊಂಡ ಶಕ್ತಿಯನ್ನು ಕಳೆದುಕೊಳ್ಳುತ್ತದೆ, ಗಿಡುಗ, ಕಾಗೆಗಳ ಕಣ್ಣಿಗೂ ಬೀಳುತ್ತದೆ. ಕತ್ತಲಾಗುವ ಹೊತ್ತಿಗೆ ಅವು ಒಂದೊಂದಾಗಿ ರೆಕ್ಕೆ ಸದ್ದಿಲ್ಲದೆ ಬಯಲಿನತ್ತ ಹೊರಡುತ್ತವೆ. ಆ ದಾರಿಗೆ ಅಡ್ಡ ನಿಲ್ಲಬಾರದು.

ಪಾಲಿಸಬೇಕಾದ್ದು

ಫ್ಲ್ಯಾಶ್, ಟಾರ್ಚು, ಡ್ರೋನ್ ಬೇಡ. ಚಪ್ಪಾಳೆ ತಟ್ಟುವುದು, ಮರ ಅಲುಗಿಸುವುದು, ಮೊಬೈಲಿನಲ್ಲಿ ಗೂಬೆಯ ಕೂಗು ಕೇಳಿಸುವುದು, ಚೌಕದ ಹತ್ತಿರ ಪಟಾಕಿ ಹಚ್ಚುವುದು ಸಲ್ಲದು. ನಾಯಿಯಿದ್ದರೆ ಹಗ್ಗ ಬಿಡಬಾರದು. ಸ್ಥಳೀಯ ಮಾರ್ಗದರ್ಶಕರನ್ನು ಕರೆದೊಯ್ಯುವುದು ಲೇಸು. ಗೂಬೆಗಳಿಂದ ಸಂಪಾದನೆ ಕಂಡ ಊರು ಮರ ಕಡಿಯುವ ಮುನ್ನ ಯೋಚಿಸುತ್ತದೆ.

ಗೂಬೆಗಳಿಗೆ ದೊಡ್ಡ ಅಪಾಯ ಇಲಿ ಪಾಷಾಣದ್ದು. ವಿಷ ತಿಂದ ಇಲಿಯನ್ನು ತಿಂದ ಗೂಬೆಯೂ ಸಾಯಬಹುದು. ಇವು ಸ್ವಂತ ಗೂಡು ಕಟ್ಟದೆ ಕಾಗೆ ಜಾತಿಯ ಹಕ್ಕಿಗಳ ಹಳೆಯ ಗೂಡಿನಲ್ಲಿ ಮೊಟ್ಟೆಯಿಡುವುದರಿಂದ ಆ ಗೂಡುಗಳೂ ಉಳಿಯಬೇಕು. ಗೂಬೆ ಕೂಗಿದರೆ ಸಾವು ಎಂಬ ನಂಬಿಕೆ ನಮ್ಮ ಹಳ್ಳಿಗಳಂತೆ ಸರ್ಬಿಯಾದಲ್ಲೂ ಇತ್ತು. ಬೆಳೆ ಕಾಯುವ ಹಕ್ಕಿಯೆಂದು ತಿಳಿದ ಮೇಲೆ ಅನೇಕ ರೈತರ ಭಯ ಕಡಿಮೆಯಾಗಿದೆ.

ಇದೇ ಕುಲದ ಗಿಡ್ಡಕಿವಿ ಗೂಬೆ ಚಳಿಗಾಲದಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದ ಹುಲ್ಲುಗಾವಲಿಗೂ ಬರುತ್ತದೆ. ಅದು ಮಲಗುವುದು ನೆಲದ ಮೇಲೆ, ಹುಲ್ಲಿನ ಮರೆಯಲ್ಲಿ. ಹಾಗಾಗಿ ಅಲ್ಲಿ ಕಾಲುದಾರಿ ಬಿಟ್ಟು ಹುಲ್ಲಿಗಿಳಿಯಬಾರದು, ವಾಹನ ನುಗ್ಗಿಸಬಾರದು. ಭಾರತದಲ್ಲಿ ಮಾಟಮಂತ್ರಕ್ಕಾಗಿ ಗೂಬೆ ಹಿಡಿಯುವವರಿದ್ದಾರೆ. ಇದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅಂಥವರಿಗೆ ಸುಳಿವು ಸಿಗದಂತೆ, ಗೂಬೆ ತಂಗಿರುವ ಜಾಗವನ್ನು ಫೋಟೊ ಜೊತೆ ಜಾಲತಾಣಗಳಲ್ಲಿ ಹಾಕಬಾರದು. ಹಿಡಿಯುವವರು ಕಂಡರೆ ಅರಣ್ಯ ಇಲಾಖೆಗೆ ತಿಳಿಸಬೇಕು.