ಹಾವು ತಂದ ಅಳಿಯನಿಗೆ



ದಾವಣಗೆರೆಯ ನಿನ್ನ ರೂಮಿಗೆ ಬಾಲ್ ಪೈಥಾನ್ ಬಂದಿರುವ ಸುದ್ದಿ ನಿಮ್ಮವ್ವ ಫೋನಿನಲ್ಲಿ ಹೇಳಿದಳು. ಅವಳು ಬೈದಳು, ನಾನು ನಕ್ಕೆ. ಜನ್ಮವೆಲ್ಲ ಪಶು ಆಸ್ಪತ್ರೆಯಲ್ಲಿ ಕಳೆದವನು ಇನ್ನೇನು ಮಾಡಲಿ? ಆದರೆ ಮೊದಲು ಕಾಗದಪತ್ರ ನೋಡಿಕೋ. ಇದು ಆಫ್ರಿಕಾದ ಹಾವು. ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾದ ಮೇಲೆ ಇಂಥವನ್ನು ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಲೇಬೇಕು. ನಾಳೆ ಯಾರೋ ಕೊಂಡಜ್ಜಿ ಕಡೆಯಿಂದ ಮಣ್ಣುಮುಕ್ಕ ಹಾವು ತಂದುಕೊಡುತ್ತೇನೆಂದರೆ ಮುಟ್ಟಬೇಡ. ನಮ್ಮ ನೆಲದ ಹಾವನ್ನು ಹಿಡಿದು ಸಾಕುವುದು ಅಪರಾಧ.

ಇನ್ನು ಚರ್ಮದ ಮಾತು. ನಾಯಿಗೆ ಕಡಿತವಾದರೆ ಕೆರೆದುಕೊಳ್ಳುತ್ತದೆ, ಎಮ್ಮೆ ಕಂಬಕ್ಕೆ ಮೈ ಉಜ್ಜುತ್ತದೆ. ಹಾವು ಸುಮ್ಮನೆ ಹೋಗಿ ನೀರಿನ ಬಟ್ಟಲಲ್ಲಿ ಮಲಗುತ್ತದೆ. ಸೆಕೆಗೆ ಮಲಗಿದೆ ಅಂದುಕೊಳ್ಳುತ್ತೀ. ನಿಮ್ಮೂರ ಬಿಸಿಲಿಗೆ ಅದೂ ಇರಬಹುದು. ಆದರೂ ದಿನವಿಡೀ ಅಲ್ಲೇ ಬಿದ್ದಿದ್ದರೆ ನುಸಿ ಹುಡುಕು. ಬಟ್ಟಲ ತಳದಲ್ಲಿ ಕಪ್ಪು ಗಸಗಸೆಯಂಥ ಚುಕ್ಕೆಗಳಿವೆಯೇ? ಒದ್ದೆ ಬಿಳಿ ಟಿಶ್ಯೂ ಕೈಯಲ್ಲಿ ಹಿಡಿದು ಹಾವನ್ನು ಅದರೊಳಗೆ ಹಾಯಿಸು. ಕಣ್ಣಿನ ಸುತ್ತ, ಗದ್ದದಡಿಯ ಗೆರೆಯಲ್ಲಿ ನೋಡು. ಈ ನುಸಿಗಳು ರಕ್ತ ಹೀರುತ್ತವೆ, ಮೊಟ್ಟೆಯನ್ನು ಪೆಟ್ಟಿಗೆಯ ಸಂದಿಯಲ್ಲಿಡುತ್ತವೆ. ಹಾವನ್ನಷ್ಟೇ ತೊಳೆದರೆ ಪ್ರಯೋಜನವಿಲ್ಲ, ಪೆಟ್ಟಿಗೆಯೂ ಸ್ವಚ್ಛವಾಗಬೇಕು. ನಾಯಿಯ ಉಣ್ಣಿಗೆ ತಂದ ಔಷಧಿಯನ್ನು ಮಾತ್ರ ಅಪ್ಪಿತಪ್ಪಿಯೂ ಹಚ್ಚಬೇಡ, ಹಾವೇ ಸತ್ತೀತು.

ಪೊರೆ ಬಿಟ್ಟಾಗ ಎಸೆಯಬೇಡ, ಬಿಡಿಸಿ ನೋಡು. ಅದಕ್ಕೂ ಮುಂಚೆ ಕಣ್ಣು ನೀಲಿ ಮಿಶ್ರಿತ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಅದು ಕಾಯಿಲೆಯಲ್ಲ, ಆ ದಿನಗಳಲ್ಲಿ ಅದರ ಪಾಡಿಗೆ ಬಿಡು. ಆರೋಗ್ಯವಂತ ಹಾವಿನ ಪೊರೆ ಮೂತಿಯಿಂದ ಬಾಲದವರೆಗೆ ಒಂದೇ ತುಂಡಾಗಿ ಬರುತ್ತದೆ. ಅದರಲ್ಲಿ ಎರಡು ಕಣ್ಣಿನ ಮುಚ್ಚಳಗಳೂ ಬಾಲದ ತುದಿಯೂ ಇರಬೇಕು. ಚಿಂದಿಚಿಂದಿಯಾಗಿ ಬಂದರೆ ಗಾಳಿ ಒಣಗಿದೆ ಎಂದರ್ಥ; ಏಪ್ರಿಲ್-ಮೇನಲ್ಲಿ ನಮ್ಮ ಕಡೆ ಇದು ಆಗುವಂಥದ್ದೇ. ಒದ್ದೆ ಬಟ್ಟೆ ಹಾಸಿದ ಡಬ್ಬಿಯೊಂದನ್ನು ಒಳಗಿಡು, ಅದೇ ಹೊಕ್ಕು ಹೊರಬಂದು ಕಳಚಿಕೊಳ್ಳುತ್ತದೆ. ಬಾಲಕ್ಕೆ ಅಂಟಿ ಉಳಿದದ್ದು ರಕ್ತ ಓಡಾಡದಂತೆ ಬಿಗಿದರೆ ತುದಿ ಕಪ್ಪಾಗಿ ಉದುರುತ್ತದೆ. ಕಣ್ಣಿನ ಮೇಲೆ ಉಳಿದದ್ದನ್ನು ಉಗುರಿನಿಂದ ಕೀಳಬೇಡ, ಕಣ್ಣೇ ಹೋದೀತು.

ಹೊಟ್ಟೆಯ ಕಡೆಯನ್ನೂ ನೋಡು. ಪೊರೆಗೆ ಮುಂಚೆ ಅಲ್ಲಿ ತುಸು ಗುಲಾಬಿ ಬಣ್ಣ ಬರುವುದುಂಟು, ಅದು ಎಲ್ಲ ಕಡೆ ಒಂದೇ ಸಮ. ಅಲ್ಲಲ್ಲಿ ಕೆಂಪಾಗಿ, ಹುರುಪೆಯ ಅಂಚು ಕಂದಾಗಿ, ನೀರುಗುಳ್ಳೆ ಎದ್ದಿದ್ದರೆ ಹಾಸು ಒದ್ದೆಯಾಗಿ ಕೊಳೆಯಾಗಿದೆ. ಸೋಂಕು ರಕ್ತಕ್ಕೆ ಇಳಿದರೆ ಹಾವು ಉಳಿಯುವುದಿಲ್ಲ. ಬಿಸಿ ಬಲ್ಬಿನಿಂದ ಸುಟ್ಟ ಗಾಯವೂ ಇರಬಹುದು. ರೈಸ್ ಮಿಲ್ಲಿನ ಹೊಟ್ಟು ಪುಕ್ಕಟೆ ಸಿಗುತ್ತದೆಂದು ತಂದು ಹಾಸಬೇಡ. ಧೂಳು, ಮೇಲಾಗಿ ನುಸಿ ಕಾಣುವುದಿಲ್ಲ. ಮೊದಲ ತಿಂಗಳು ಹಳೆ ಪೇಪರೇ ಸಾಕು. ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆ, ಹಾವಿನ ಮೈಯಲ್ಲಿ ಸಾಲ್ಮೊನೆಲ್ಲಾ ರೋಗಾಣು ಇರಬಹುದು. ಆ ಕೈಯಲ್ಲೇ ಬೆಣ್ಣೆ ದೋಸೆ ತಿನ್ನುವವನು ನೀನು!

ಭಾನುವಾರ ಬಾ. ಹಾವು ಬೇಡ, ನಿಮ್ಮತ್ತೆ ಮನೆ ಬಿಟ್ಟು ಹೋದಾಳು. ಪೊರೆ ಮಾತ್ರ ತಾ. ಗುಳ್ಳೆ ಕಂಡಿದ್ದರೆ ನನಗೆ ಕಾಯಬೇಡ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಫೋನ್ ಮಾಡಿ ವಿಚಾರಿಸಿ, ಅವತ್ತೇ ಹೊರಡು.

ಇಂತಿ ನಿನ್ನ ಮಾವ